ಒಂದು ಓಲೆ, ಮೂರು ಬಂಡೆ

ಮೊಳಕಾಲ್ಮುರು ಎಂದೊಡನೆ ಗೃಹಿಣಿಯರಿಗೆ ನೆನಪಾಗುವುದು ರೇಷ್ಮೆಯ ಸೀರೆ. ಚಳ್ಳಕೆರೆ ಎಂದರೆ ಮನೆಯ ಯಜಮಾನರಿಗೆ ಕಡಲೆಕಾಯಿ ಎಣ್ಣೆಯ ಗಿರಣಿಗಳು ನೆನಪಾದಾವು. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಬಯಲುಸೀಮೆಯ ಬಿಸಿಲಿಗೂ ಮಳೆಯ ಅಭಾವಕ್ಕೂ ಹೆಸರಾದವು. ಈಚಿನ ವರ್ಷಗಳಲ್ಲಿ ಚಳ್ಳಕೆರೆಯ ಹುಲ್ಲುಗಾವಲಿನ ಮೇಲೆ ವಿಜ್ಞಾನ ಸಂಸ್ಥೆಗಳು ಬಂದು ನೆಲೆಸಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಅಲ್ಲಿ ಶಾಲಾ ಉಪಾಧ್ಯಾಯರಿಗೆ ತರಬೇತಿ ನಡೆಯುತ್ತದೆ. ದನಕುರಿಗಳನ್ನು ಮೇಯಿಸುತ್ತಿದ್ದ ಹಳ್ಳಿಗರು ಕಾವಲು ಕಳೆದುಕೊಂಡ ದುಃಖ ಬೇರೆಯೇ ಒಂದು ಅಧ್ಯಾಯ. ಅದನ್ನು ಎರಡು ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ.

ಆದರೆ ಒಂದೇ ಸಂದೇಶವನ್ನು ಅನೇಕರಿಗೆ ಏಕಕಾಲದಲ್ಲಿ ತಲುಪಿಸುವ ವಿದ್ಯೆ ಈ ಸೀಮೆಗೆ ವಿಜ್ಞಾನ ಸಂಸ್ಥೆಗಳೊಡನೆ ಬಂದುದಲ್ಲ. ಅದು ಬಂದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲಾಯಿತು.

ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಿವೆ. ಒಂದರಿಂದ ಮತ್ತೊಂದಕ್ಕೆ ಕೆಲವೇ ಮೈಲಿಗಳ ಅಂತರ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಈ ಮೂರು ಕಡೆಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದು ವಿದ್ವತ್ ಪ್ರಪಂಚವನ್ನು ಬೆರಗುಗೊಳಿಸಿದರು. ಮೌರ್ಯರ ಆಜ್ಞೆ ದಕ್ಷಿಣದಲ್ಲಿ ಇಷ್ಟು ದೂರ ಬಂದಿತ್ತೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. ಓದಲು ಬಾರದಿದ್ದರೂ ಅದು ಅಕ್ಷರವೆಂಬುದನ್ನು ಅವರು ತಿಳಿದಿದ್ದರು. ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಗೆ ‘ಬಳೆಗಾರ ಗುಂಡು’ ಎಂದು ಹೆಸರು. ವರ್ಷಂಪ್ರತಿ ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಕುಳಿತು ಮಲಾರ ಬಿಚ್ಚುತ್ತಿದ್ದುದರಿಂದ ಆ ಹೆಸರು ಬಂದಿತು. ಜನರ ಕಾಲ್ತುಳಿತಕ್ಕೆ ಸಿಕ್ಕಿ ಅಲ್ಲಿನ ಅಕ್ಷರಗಳು ಬಹುಮಟ್ಟಿಗೆ ಸವೆದುಹೋದವು.

ಮೂರು ಬಂಡೆಗಳ ಮೇಲೂ ಇರುವುದು ಒಂದೇ ಓಲೆ. ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತು, ಮೊದಲು ತಾನು ಅಷ್ಟು ಉತ್ಸಾಹ ತೋರಲಿಲ್ಲ, ಈಚೆಗೆ ಒಂದು ವರ್ಷದಿಂದ ಶ್ರದ್ಧೆಯಿಂದ ನಡೆಯುತ್ತಿದ್ದೇನೆ ಎಂದು ಚಕ್ರವರ್ತಿಯು ಹೇಳಿಕೊಳ್ಳುತ್ತಾನೆ. ದೊಡ್ಡವರಷ್ಟೇ ಅಲ್ಲ, ಸಾಮಾನ್ಯರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲರೆಂದು ಸಾರುತ್ತಾನೆ. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಮುಂದುವರಿಯುತ್ತದೆ ಶಾಸನ. ಮಾಸ್ಕಿಯಲ್ಲಿ, ಕೊಪ್ಪಳದ ಗವಿಮಠದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು ಉದೇಗೋಳಗಳಲ್ಲಿ, ಇನ್ನೂ ದೂರದ ಉತ್ತರ ದೇಶದ ಬಂಡೆಗಳಲ್ಲಿ ಇದೇ ಓಲೆಯ ಇತರ ಪ್ರತಿಗಳು, ಅಲ್ಪಸ್ವಲ್ಪ ಪಾಠಭೇದದೊಡನೆ, ದೊರೆತಿವೆ.

ಮೊಳಕಾಲ್ಮುರಿನ ಪ್ರತಿಗಳಲ್ಲಿ ಮಾತ್ರ ಒಂದು ವಿಶೇಷವುಂಟು. ಚಕ್ರವರ್ತಿಯ ಮಾತಿಗೆ ಮೊದಲು ಒಂದು ಪೀಠಿಕೆ ಇದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೋರಿ, ಆ ಬಳಿಕ ದೇವಾನಾಂಪ್ರಿಯನ ಅಪ್ಪಣೆಯನ್ನು ತಿಳಿಸುತ್ತಾರೆ. ಸುವರ್ಣಗಿರಿ ದಕ್ಷಿಣ ಪ್ರಾಂತದ ರಾಜಧಾನಿ. ಇಸಿಲವು ಬ್ರಹ್ಮಗಿರಿಯ ಆಸುಪಾಸಿನ ಪಟ್ಟಣ. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ನಡೆಸಿದುದು ಇಲ್ಲಿಯೇ. ಎಂದರೆ, ಚಕ್ರವರ್ತಿಯಿಂದ ಹೊರಟ ಓಲೆಯು ನೇರವಾಗಿ ಮೂರು ಬಂಡೆಗಳಿಗೆ ಮೂರು ಪ್ರತಿಗಳಾಗಿ ಬರಲಿಲ್ಲ. ಮೊದಲು ಪ್ರಾಂತದ ರಾಜಧಾನಿಗೆ ಬಂದಿತು, ಅಲ್ಲಿಂದ ಇಸಿಲಕ್ಕೆ ಬಂದಿತು. ಇಸಿಲದವರು ಅದನ್ನು ಪ್ರತಿಮಾಡಿ ಮೂರು ಕಡೆ ಕೆತ್ತಿಸಿದರು. ಕೆತ್ತಿಸುವಾಗ ತಮ್ಮ ಹೆಸರಿಗೆ ಬಂದ ಲಕೋಟೆಯ ಮೇಲಿನ ವಿಳಾಸವನ್ನೂ ಕುಶಲಪ್ರಶ್ನೆಯನ್ನೂ ಬಿಡದೆ ಕೆತ್ತಿಸಿಬಿಟ್ಟರು. ಅತಿವಿನಯವೋ, ಅಜಾಗರೂಕತೆಯೋ! ಯಾವುದಾದರೂ ಆಗಲಿ, ಆ ಕೆಲಸದಿಂದ ಇತಿಹಾಸಕ್ಕೆ ಓಲೆ ನಡೆದ ದಾರಿ ಸಿಕ್ಕಿತು.

ಇಂದಿನ ಗಣಕಜಾಲಗಳ ಭಾಷೆಯಲ್ಲಿ ಈ ಪದ್ಧತಿಗೆ ಮಲ್ಟಿಕಾಸ್ಟ್ ಎಂದು ಹೆಸರು. ಸಮೂಹ ರವಾನೆ ಎಂದು ಕನ್ನಡಿಸಬಹುದು. ಇಸಿಲದ ಮಹಾಮಾತ್ರರು ಮಾಡಿದ ಕೆಲಸವನ್ನು ಮಾಡುವ ಯಂತ್ರಕ್ಕೆ ಮಲ್ಟಿಕಾಸ್ಟ್ ರೌಟರ್ ಎನ್ನುತ್ತಾರೆ. ಅದಕ್ಕಾಗಿ ದುಬಾರಿಯ ಪೆಟ್ಟಿಗೆಯೇ ಬೇಕೆಂದಿಲ್ಲ. ಮೂಲೆಗೆ ಬಿದ್ದ ಒಂದು ಹಳೆಯ ಕಂಪ್ಯೂಟರು ಸಾಕು.

ಇದರ ಅಗತ್ಯವೇನೆಂಬುದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಚಳ್ಳಕೆರೆಯಲ್ಲಿ ಒಂದು ಕಾಲೇಜನ್ನು ಊಹಿಸಿಕೊಳ್ಳಬಹುದು. ಎಲ್ಲ ಸಣ್ಣ ಊರುಗಳಲ್ಲಿಯೂ ಇರುವಂಥ ಸಾಧಾರಣ ಕಾಲೇಜು. ಒಬ್ಬ ಅಧ್ಯಾಪಕರು ಒಂದು ಕೊಠಡಿಯಲ್ಲಿ ಪ್ರಯೋಗವನ್ನು ಮಾಡಿ ತೋರಿಸುತ್ತಾರೆ. ಎದುರು ಕಟ್ಟಡದ ಗಣಕ ಪ್ರಯೋಗಶಾಲೆಯಲ್ಲಿ ಅರವತ್ತು ವಿದ್ಯಾರ್ಥಿಗಳು ತಂತಮ್ಮ ತೆರೆಯ ಮೇಲೆ ಅದನ್ನು ನೋಡಬೇಕು. ಚಿತ್ರಕ್ಕೆ ಸೆಕೆಂಡಿಗೆ ೪ ಮೆಗಾಬಿಟ್ ಬೇಕೆಂದು ಇಟ್ಟುಕೊಂಡರೆ, ಒಬ್ಬೊಬ್ಬರಿಗೂ ಪ್ರತ್ಯೇಕ ಪ್ರತಿಯನ್ನು ಕಳುಹಿಸುವ ಸಾಮಾನ್ಯ ಪದ್ಧತಿಯಲ್ಲಿ ೨೪೦ ಮೆಗಾಬಿಟ್ ಹರಿಯಬೇಕಾಗುತ್ತದೆ. ಎರಡು ಕಟ್ಟಡಗಳ ನಡುವಿನ ತಂತಿಯ ಸಾಮರ್ಥ್ಯವೋ ೧೦೦ ಮೆಗಾಬಿಟ್. ಆಗ ಆಗುವುದೇನು? ಅಧ್ಯಾಪಕರ ಕೈ ಅರ್ಧದಲ್ಲಿ ನಿಂತುಬಿಡುತ್ತದೆ, ಮಾತು ತುಂಡುತುಂಡಾಗುತ್ತದೆ, ಹಿಂದಿನ ಬೆಂಚಿನವರು ಮೊಬೈಲನ್ನು ತೆಗೆಯುತ್ತಾರೆ.

ಇದಕ್ಕೆ ತದ್ವಿರುದ್ಧವಾದುದು ಡಂಗುರದ ಪದ್ಧತಿ. ತಳವಾರನು ತಮಟೆ ಬಡಿದರೆ ಬೀದಿಯ ಎಲ್ಲರೂ, ಬೇಡದವರೂ, ಮಲಗಿದ ಮಗುವೂ ಕೇಳಲೇಬೇಕು. ಜಾಲದಲ್ಲಿ ಬ್ರಾಡ್‌ಕಾಸ್ಟ್ ಎಂಬುದು ಹೀಗೆ. ಪಾಠಕ್ಕೆ ಸಂಬಂಧವಿಲ್ಲದ ಕಚೇರಿಯ ಗುಮಾಸ್ತರ ಯಂತ್ರಕ್ಕೂ ಅದು ಬಂದು ಬಡಿಯುತ್ತದೆ. ಅಲ್ಲದೆ ಆ ಡಂಗುರ ಬೀದಿಯ ತುದಿಯಲ್ಲಿ ನಿಲ್ಲುತ್ತದೆ. ರೌಟರನ್ನು ದಾಟಿ ಎದುರು ಕಟ್ಟಡಕ್ಕೆ ಹೋಗುವುದಿಲ್ಲ.

ಸಮೂಹ ರವಾನೆಯು ಇವೆರಡರ ನಡುವಿನ ದಾರಿ. ಕಳುಹಿಸುವವನು ಒಂದೇ ಪ್ರತಿಯನ್ನು ಕಳುಹಿಸುತ್ತಾನೆ. ದಾರಿ ಎಲ್ಲಿಯವರೆಗೆ ಒಂದೇ ಇದೆಯೋ ಅಲ್ಲಿಯವರೆಗೆ ಒಂದೇ ಪ್ರತಿ ಹೋಗುತ್ತದೆ. ದಾರಿ ಎಲ್ಲಿ ಕವಲೊಡೆಯುತ್ತದೆಯೋ ಅಲ್ಲಿ ಮಾತ್ರ ಪ್ರತಿ ಎರಡಾಗುತ್ತದೆ. ಬೆಂಗಳೂರಿನಿಂದ ಹೊರಟ ಮೊಳಕಾಲ್ಮುರಿನ ಪ್ರಯಾಣಿಕನೂ ಬಳ್ಳಾರಿಯ ಪ್ರಯಾಣಿಕನೂ ಹಿರಿಯೂರು, ಚಳ್ಳಕೆರೆ, ತಳುಕುಗಳನ್ನು ದಾಟುವವರೆಗೆ ಒಂದೇ ಬಸ್ಸಿನಲ್ಲಿ ಕೂರಬಹುದು; ಹಾನಗಲ್ಲಿನ ಕವಲಿನಲ್ಲಿ ತಾನೆ ಬೇರೆಯಾಗುವುದು! ಅರವತ್ತು ವಿದ್ಯಾರ್ಥಿಗಳ ಪಾಠವೂ ಹೀಗೆ ಕಟ್ಟಡಗಳ ನಡುವಿನ ತಂತಿಯಲ್ಲಿ ೪ ಮೆಗಾಬಿಟ್ಟಿನ ಒಂದೇ ಹೊಳೆಯಾಗಿ ಹರಿದುಹೋಗುತ್ತದೆ. ಅರವತ್ತರ ಬದಲು ಆರುನೂರು ಮಂದಿಯಾದರೂ ಆ ತಂತಿಗೆ ಅಷ್ಟೇ ಭಾರ.

ಇಂಥ ರವಾನೆಗೆ ಬೇರೆ ಬಗೆಯ ವಿಳಾಸ ಬೇಕು. ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಚುಕ್ಕಿಗಳಿಂದ ಬೇರ್ಪಡಿಸಿದ ನಾಲ್ಕು ಅಂಕಗಳ ವಿಳಾಸವಿರುವುದನ್ನು ಅನೇಕ ವಾಚಕರು ನೋಡಿದ್ದಾರೆ. ಅವುಗಳಲ್ಲಿ ೨೨೪.೦.೦.೦ ಮೊದಲುಗೊಂಡು ೨೩೯.೨೫೫.೨೫೫.೨೫೫ರವರೆಗಿನ ವಿಳಾಸಗಳು ಯಾವ ಯಂತ್ರಕ್ಕೂ ಸೇರಿದವಲ್ಲ, ಗುಂಪುಗಳಿಗೆ ಮೀಸಲು. ಅದರಲ್ಲಿಯೂ ೨೩೯ರಿಂದ ಮೊದಲಾಗುವವು ಸಂಸ್ಥೆಗಳು ತಮ್ಮ ಒಳಗಿನ ಬಳಕೆಗೆ ಇಟ್ಟುಕೊಳ್ಳತಕ್ಕವು. (ನಾಲ್ಕು ಅಂಕಗಳಲ್ಲಿ ಒಂದೊಂದಕ್ಕೂ ಸೊನ್ನೆಯಿಂದ ೨೫೫ರವರೆಗೆ, ಎಂದರೆ ೨೫೬ ಬೆಲೆಗಳು. ಬ್ರಹ್ಮಗಿರಿಯ ಶಾಸನದಲ್ಲಿಯೂ ೨೫೬ ಎಂಬ ಸಂಖ್ಯೆ ಕೆತ್ತಲ್ಪಟ್ಟಿದೆ. ಅದು ಚಕ್ರವರ್ತಿಯು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ಇದು ಕೇವಲ ಕಾಕತಾಳೀಯ. ಮೌರ್ಯರಿಗೆ ಗಣಕಯಂತ್ರವಿತ್ತೆಂದು ಯಾರೂ ಪುಸ್ತಕ ಬರೆಯದಿರಲಿ.)

ಪಾಠ ಬೇಕೆನ್ನುವ ಯಂತ್ರವು ತಾನಾಗಿಯೇ ಮುಂದೆ ಬಂದು, ‘ಈ ಗುಂಪಿಗೆ ನನ್ನನ್ನು ಸೇರಿಸಿಕೊಳ್ಳಿ’ ಎಂದು ರೌಟರಿಗೆ ಅರಿಕೆ ಮಾಡಿಕೊಳ್ಳುತ್ತದೆ. ಈ ಅರಿಕೆಯ ನಿಯಮಾವಳಿಗೆ ಐ.ಜಿ.ಎಂ.ಪಿ. ಎಂದು ಹೆಸರು. ರೌಟರು ಸಾಮಾನ್ಯವಾಗಿ ೧೨೫ ಸೆಕೆಂಡುಗಳಿಗೊಮ್ಮೆ ‘ಇನ್ನೂ ಯಾರಾದರೂ ಇದ್ದೀರಾ?’ ಎಂದು ಕೂಗಿ ಕೇಳುತ್ತದೆ. ಉತ್ತರ ಬಂದರೆ ರವಾನೆ ಮುಂದುವರಿಯುತ್ತದೆ; ಬರದಿದ್ದರೆ ನಿಲ್ಲುತ್ತದೆ. ಕೇಳುವವರ ಪಟ್ಟಿಯನ್ನು ಕಳುಹಿಸುವವನು ಇಟ್ಟುಕೊಳ್ಳಬೇಕಾಗಿಲ್ಲವೆಂಬುದೇ ಈ ಏರ್ಪಾಡಿನ ಸೊಗಸು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಸ್ಟೀವ್ ಡೀರಿಂಗ್ ಎಂಬವರು ಈ ಪದ್ಧತಿಗೆ ರೂಪ ಕೊಟ್ಟರು. ಅವರು ಬರೆದ ನಿಯಮಾವಳಿ ೧೯೮೯ರಲ್ಲಿ ಹೊರಬಂದಿತು.

ಇನ್ನು ಹಳೆಯ ಕಂಪ್ಯೂಟರಿನ ವಿಷಯ. ಅದಕ್ಕೆ ಜಾಲದ ಕಾರ್ಡುಗಳು ಎರಡು ಇರಬೇಕು. ಒಂದು ಅಧ್ಯಾಪಕರ ಕಟ್ಟಡದ ಜಾಲಕ್ಕೆ, ಮತ್ತೊಂದು ಪ್ರಯೋಗಶಾಲೆಯ ಜಾಲಕ್ಕೆ. ಹೆಚ್ಚಿನ ಕಾರ್ಡಿಗೆ ತಗಲುವ ಖರ್ಚು ಅಲ್ಪ. ಯಂತ್ರದ ಮೇಲೆ ಲಿನಕ್ಸ್ ಎಂಬ, ಬೆಲೆಯಿಲ್ಲದೆ ದೊರೆಯುವ ಕಾರ್ಯವ್ಯವಸ್ಥೆಯನ್ನು ಹೂಡಬೇಕು. ಗುಂಪು ರವಾನೆಯ ಸಾಮರ್ಥ್ಯ ಅದರ ತಿರುಳಿನಲ್ಲಿಯೇ ಅಡಗಿರುತ್ತದೆ. ಆದರೆ ಅದು ತಾನಾಗಿ ಎಚ್ಚರಗೊಳ್ಳುವುದಿಲ್ಲ. ಅದನ್ನು ಎಬ್ಬಿಸಿ, ಯಾವುದನ್ನು ಎಲ್ಲಿಗೆ ಕಳುಹಿಸಬೇಕೆಂದು ಹೇಳುತ್ತಿರಲು ಹಿನ್ನೆಲೆಯಲ್ಲಿ ಓಡುವ ಒಂದು ಮೇಲ್ವಿಚಾರಕ ಪ್ರೋಗ್ರಾಂ ಬೇಕು. ಸಾಧಾರಣ ರವಾನೆಗೆ ಮಾಡುವಂತೆ ಒಂದು ಕಡತದಲ್ಲಿ ಸೊನ್ನೆಯನ್ನು ಒಂದು ಮಾಡಿ ಮುಗಿಸಿಬಿಡಬಹುದೆಂದು ಹೊಸಬರು ಭ್ರಮಿಸುವುದುಂಟು. ಆ ಸ್ವಿಚ್ಚು ಕೈಗೆ ಬಗ್ಗುವುದಿಲ್ಲ. ಮೇಲ್ವಿಚಾರಕನು ಕೆಲಸಕ್ಕೆ ನಿಂತಾಗಲೇ ತಿರುಗುತ್ತದೆ. ಒಂದು ಸಮಯಕ್ಕೆ ಒಬ್ಬ ಮೇಲ್ವಿಚಾರಕನಿಗೆ ಮಾತ್ರ ಅವಕಾಶ. ಇಬ್ಬರನ್ನು ನಿಲ್ಲಿಸಿದರೆ ಎರಡನೆಯವನು, ಜಾಗ ಖಾಲಿಯಿಲ್ಲವೆಂದು ದೂರುತ್ತ ಹೊರಟುಹೋಗುತ್ತಾನೆ.

ಮೇಲ್ವಿಚಾರಕರಲ್ಲಿ ಹಲವು ಬಗೆ. ಎಂರೌಟ್‌ಡಿ ಎಂಬುದು ಡೀರಿಂಗರ ಕಾಲದ್ದು. ಮೊದಲು ಎಲ್ಲ ಕಾಲುವೆಗಳಿಗೂ ನೀರು ಬಿಟ್ಟು, ಬೇಡವೆಂದವರ ಗದ್ದೆಯ ಬಾಯನ್ನು ಆಮೇಲೆ ಮುಚ್ಚುವುದು ಅದರ ರೀತಿ. ಪಿಮ್‌ಡಿ ಎಂಬುದು ಕೇಳಿದವರ ಕಾಲುವೆಯನ್ನು ಮಾತ್ರ ತೆರೆಯುತ್ತದೆ. ಎಸ್.ಎಂ.ಸಿ.ರೂಟ್ ಎಂಬ ಮೂರನೆಯದು ಎಲ್ಲಕ್ಕಿಂತ ಸರಳವಾದುದು. ಅದಕ್ಕೆ ಎರಡೇ ಸಾಲುಗಳ ಅಪ್ಪಣೆ ಸಾಕು: ಈ ಕಾರ್ಡಿನಲ್ಲಿ ಈ ಗುಂಪಿಗೆ ಸೇರಿಕೊ, ಅಲ್ಲಿಂದ ಬಂದುದನ್ನು ಆ ಕಾರ್ಡಿಗೆ ದಾಟಿಸು. ಎರಡು ಕಟ್ಟಡಗಳ ಕಾಲೇಜಿಗೆ ಈ ಮೂರನೆಯದೇ ಸಾಕೆಂದು ಯಾರಿಗಾದರೂ ತೋರುತ್ತದೆ, ಅದು ತಪ್ಪೂ ಅಲ್ಲ. ಆದರೆ ಇದು ಅಶೋಕನ ಪದ್ಧತಿ. ಕೇಳುವವರು ಇದ್ದಾರೋ ಇಲ್ಲವೋ ಎಂದು ವಿಚಾರಿಸದೆ ಅಪ್ಪಣೆಯಂತೆ ಕೆತ್ತುತ್ತ ಹೋಗುತ್ತದೆ. ಅದರಿಂದ ಒದಗುವ ಒಂದು ತೊಡಕನ್ನು ಇಲ್ಲಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಪಳಗಿದವರನ್ನೂ ದಿನಗಟ್ಟಲೆ ಕಾಡುವಂಥದು ಅದು.

ಎಲ್ಲವನ್ನೂ ಸರಿಯಾಗಿ ಜೋಡಿಸಿ, ಪಾಠವನ್ನು ಹಚ್ಚಿದರೆ ಚಿತ್ರ ಚೆನ್ನಾಗಿ ಬರುತ್ತದೆ. ಎಲ್ಲರಿಗೂ ಸಂತೋಷವಾಗುತ್ತದೆ. ನಾಲ್ಕು ನಿಮಿಷಗಳು ಕಳೆದು ಇನ್ನೂ ಸ್ವಲ್ಪ ಹೊತ್ತಾಗುವಷ್ಟರಲ್ಲಿ ತೆರೆ ಕಪ್ಪಾಗುತ್ತದೆ. ಯಂತ್ರವನ್ನು ಆರಿಸಿ ಹಚ್ಚಿದರೆ ಮತ್ತೆ ನಾಲ್ಕು ನಿಮಿಷ ಚಿತ್ರ, ಮತ್ತೆ ಕತ್ತಲೆ. ಕಾರಣವಿರುವುದು ಕಂಪ್ಯೂಟರಿನಲ್ಲಲ್ಲ, ತಂತಿಗಳೆಲ್ಲ ಬಂದು ಕೂಡುವ ಸ್ವಿಚ್ ಎಂಬ ಪೆಟ್ಟಿಗೆಯಲ್ಲಿ. ಈಗಿನ ಸ್ವಿಚ್ಚುಗಳಲ್ಲಿ ಬಹಳಷ್ಟು ಜಾಣ ಜಾತಿಯವು. ಯಂತ್ರಗಳು ರೌಟರಿಗೆ ಕೊಡುವ ಉತ್ತರಗಳಿಗೆ ಕಿವಿಗೊಟ್ಟು, ಯಾವ ತಂತಿಯ ತುದಿಯಲ್ಲಿ ಕೇಳುವವರಿದ್ದಾರೋ ಆ ತಂತಿಗೆ ಮಾತ್ರ ಪಾಠವನ್ನು ಬಿಡುತ್ತವೆ. ೨೬೦ ಸೆಕೆಂಡುಗಳವರೆಗೆ ಯಾರೂ ಉತ್ತರಿಸದಿದ್ದರೆ ಆ ತಂತಿಯ ಹೆಸರನ್ನು ಹೊಡೆದುಹಾಕುತ್ತವೆ. ವಿದ್ಯಾರ್ಥಿಗಳ ಯಂತ್ರಗಳು ಉತ್ತರಿಸಲು ಸಿದ್ಧವಾಗಿಯೇ ಇವೆ. ಆದರೆ ‘ಯಾರಾದರೂ ಇದ್ದೀರಾ?’ ಎಂದು ಕೇಳುವವರೇ ಇಲ್ಲ! ಎಸ್.ಎಂ.ಸಿ.ರೂಟ್ ಪ್ರಶ್ನೆ ಕೇಳುವ ಜಾಯಮಾನದ್ದಲ್ಲ. ಸ್ವಿಚ್ಚಿನಲ್ಲಿಯೇ ಪ್ರಶ್ನೆ ಕೇಳುವ ಅಧಿಕಾರವನ್ನು ಚಾಲನೆಗೊಳಿಸುವುದು ಒಂದು ಪರಿಹಾರ. ಪಿಮ್‌ಡಿಯನ್ನು ನಿಲ್ಲಿಸುವುದು ಇನ್ನೊಂದು. ಹಾಜರಿ ಕೂಗದ ತರಗತಿಯಲ್ಲಿ ಇದ್ದ ಹುಡುಗರನ್ನೂ ಗೈರುಹಾಜರಿ ಎಂದು ಬರೆದುಕೊಂಡಂತೆ ಈ ಸಂಗತಿ.

ಇನ್ನೊಂದು ತೊಡಕು ಆಯುಷ್ಯದ್ದು. ಪ್ರತಿಯೊಂದು ಪ್ಯಾಕೆಟ್ಟಿನ ಹಣೆಯ ಮೇಲೆಯೂ ಒಂದು ಸಂಖ್ಯೆ ಬರೆದಿರುತ್ತದೆ. ಒಂದೊಂದು ರೌಟರನ್ನು ದಾಟಿದಾಗಲೂ ಅದು ಒಂದು ಕಡಮೆಯಾಗುತ್ತದೆ. ಸೊನ್ನೆಯಾದೊಡನೆ ಪ್ಯಾಕೆಟ್ಟಿನ ಕಥೆ ಮುಗಿಯಿತು. ಗುಂಪಿಗೆ ಕಳುಹಿಸುವ ಪ್ಯಾಕೆಟ್ಟುಗಳಿಗೆ, ಬೇರೆ ಹೇಳದಿದ್ದರೆ, ಬರೆಯಲ್ಪಡುವ ಆಯುಷ್ಯ ಕೇವಲ ಒಂದು. ಎಂದರೆ ಅವು ಹುಟ್ಟಿದ ಜಾಲದಲ್ಲಿಯೇ ಸಾಯುತ್ತವೆ. ಅಧ್ಯಾಪಕರ ಯಂತ್ರದಲ್ಲಿ ಈ ಸಂಖ್ಯೆಯನ್ನು ಏರಿಸದೆ, ನಡುವಿನ ರೌಟರನ್ನು ಬೈಯುತ್ತ ರಾತ್ರಿಯನ್ನು ಕಳೆದವರು ಎಷ್ಟೋ ಮಂದಿ. ಮೂರನೆಯದು ಸಂಶಯದ ಗುಣ. ‘ಇಂಥವನಿಗೆ ಉತ್ತರ ಬರೆಯಬೇಕಾದರೆ ನಾನು ಈ ದಾರಿಯನ್ನು ಹಿಡಿಯುತ್ತಿರಲಿಲ್ಲ, ಹಾಗಾದರೆ ಅವನ ಓಲೆ ಈ ದಾರಿಯಲ್ಲೇಕೆ ಬಂದಿತು?’ ಎಂದು ಯೋಚಿಸಿ ರೌಟರು ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ಒಂದೇ ಓಲೆ ಸುತ್ತಿ ಸುತ್ತಿ ಬಂದು ಸಾವಿರವಾಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಈ ಪರೀಕ್ಷೆ ಇರುವುದು. ಹಿಂದಿರುಗುವ ದಾರಿಯನ್ನು ಯಂತ್ರಕ್ಕೆ ಸರಿಯಾಗಿ ಕಲಿಸಿಕೊಟ್ಟರೆ ಸಂಶಯ ತಾನಾಗಿ ಪರಿಹಾರವಾಗುತ್ತದೆ.

ಇಷ್ಟಾದರೆ ಚಳ್ಳಕೆರೆಯ ಕಾಲೇಜಿನ ಮಟ್ಟಿಗೆ ಕೆಲಸ ಆದಂತೆಯೇ. ಇದೇ ಪಾಠವನ್ನು ಸುಮಾರು ಐವತ್ತು ಕಿಲೋಮೀಟರು ದೂರದ ಮೊಳಕಾಲ್ಮುರಿನಲ್ಲಿ ನಲವತ್ತು ಮಂದಿ ನೋಡಬೇಕೆಂದರೆ? ನಡುವಿನ ಸಾರ್ವಜನಿಕ ಜಾಲ ಗುಂಪಿನ ವಿಳಾಸವನ್ನು ಮಾನ್ಯ ಮಾಡುವುದಿಲ್ಲ. ೨೩೯ರ ವಿಳಾಸ ಹೊತ್ತ ಪ್ಯಾಕೆಟ್ಟನ್ನು ದಾರಿಯ ಮೊದಲನೆಯ ಮೆಟ್ಟಿಲಿನಲ್ಲಿಯೇ ತಡೆದುಬಿಡುತ್ತದೆ. ಇಲ್ಲಿ ಉಪಾಯವೆಂದರೆ ಲಕೋಟೆಯೊಳಗೆ ಲಕೋಟೆ. ಗುಂಪಿನ ಹೆಸರಿನ ಪ್ಯಾಕೆಟ್ಟನ್ನು ಹಾಗೆಯೇ ಮತ್ತೊಂದು ಲಕೋಟೆಯೊಳಗಿಟ್ಟು, ಮೇಲೆ ಮೊಳಕಾಲ್ಮುರಿನ ಒಂದೇ ಒಂದು ಕಂಪ್ಯೂಟರಿನ ವಿಳಾಸ ಬರೆದರೆ, ದಾರಿಯವರಿಗೆ ಅದು ಒಬ್ಬರಿಗೆ ಹೋಗುವ ಸಾಧಾರಣ ಕಾಗದ. ಅಲ್ಲಿನ ಯಂತ್ರವು ಹೊರಲಕೋಟೆಯನ್ನು ಹರಿದು, ಒಳಗಿನದನ್ನು ನಲವತ್ತು ಮಂದಿಗೆ ಹಂಚುತ್ತದೆ. ಜಾಲದವರು ಇದನ್ನು ಸುರಂಗ ಎನ್ನುತ್ತಾರೆ. ಸುವರ್ಣಗಿರಿಯವರು ಮಾಡಿದ್ದೂ ಇದನ್ನೇ: ಹೊರಗೆ ಇಸಿಲದ ಮಹಾಮಾತ್ರರ ಹೆಸರು, ಒಳಗೆ ಸರ್ವರಿಗೂ ಉದ್ದೇಶಿಸಿದ ಮಾತು. ಎರಡು ಊರುಗಳ ನಡುವೆ ೧೬೦ ಮೆಗಾಬಿಟ್ಟಿನ ಬದಲು ನಾಲ್ಕು ಮೆಗಾಬಿಟ್ಟಿಗಿಂತ ಸ್ವಲ್ಪವೇ ಹೆಚ್ಚು ಹರಿದರೆ ಸಾಕು. ಆ ಸ್ವಲ್ಪ ಹೊರಲಕೋಟೆಯ ತೂಕ. ಜಿ.ಆರ್.ಇ. ಎಂಬ ಬಗೆಯ ಸುರಂಗದಲ್ಲಿ ಆ ತೂಕ ಪ್ಯಾಕೆಟ್ಟಿಗೆ ೨೪ ಬೈಟು. ೧೫೦೦ ಬೈಟು ಹಿಡಿಯುವ ದಾರಿಯಲ್ಲಿ ಒಳಗಿನ ಪ್ಯಾಕೆಟ್ಟಿಗೆ ಉಳಿಯುವುದು ೧೪೭೬. ಸುರಂಗದ ಎರಡು ತುದಿಗಳಿಗೂ ಹೊರಗಿನವರು ತಲುಪಬಲ್ಲ ಸ್ಥಿರ ವಿಳಾಸವಿರಬೇಕೆಂಬುದನ್ನು ಮರೆಯಬಾರದು; ಮನೆಯ ಸಾಧಾರಣ ಚಂದಾದಾರರಿಗೆ ಇದು ಅನೇಕ ವೇಳೆ ದೊರೆಯುವುದಿಲ್ಲ.

ಇದೇನೂ ಊಹೆಯ ಮಾತಲ್ಲ. ೧೯೯೨ರ ಮಾರ್ಚಿಯಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ ತಜ್ಞರ ಸಭೆ ಸೇರಿದಾಗ, ಅಲ್ಲಿನ ಮಾತುಗಳನ್ನು ಮೂರು ಖಂಡಗಳ ಇಪ್ಪತ್ತು ಸ್ಥಳಗಳಲ್ಲಿ ಜನ ಕುಳಿತು ಕೇಳಿದರು. ನಡುವಿನ ಜಾಲಕ್ಕೆ ಆಗ ಮಲ್ಟಿಕಾಸ್ಟ್ ತಿಳಿಯದು. ಒಂದೊಂದು ಸ್ಥಳದಲ್ಲಿಯೂ ಒಂದು ಸಾಧಾರಣ ಕಂಪ್ಯೂಟರನ್ನು ರೌಟರನ್ನಾಗಿ ಮಾಡಿ, ಸುರಂಗಗಳಿಂದ ಒಂದಕ್ಕೊಂದು ಪೋಣಿಸಿದ್ದರು. ಎಂಬೋನ್ ಎಂದು ಹೆಸರಾದ ಈ ಜಾಲದ ಮೇಲೆ ೧೯೯೪ರ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಪ್ರಖ್ಯಾತ ಗಾಯಕವೃಂದದ ಕಚೇರಿಯ ಒಂದು ಭಾಗವೂ ಪ್ರಸಾರವಾಯಿತು. ಇನ್ನು ಹತ್ತು ವರ್ಷಗಳಲ್ಲಿ ಯಾರು ಬೇಕಾದರೂ ತಮ್ಮ ಮೇಜಿನ ಮೇಲಿನಿಂದಲೇ ಪ್ರಪಂಚಕ್ಕೆ ಬಾನುಲಿ ಕೇಂದ್ರವನ್ನು ನಡೆಸಬಹುದೆಂದು ಉತ್ಸಾಹಿಗಳು ಆಗ ನಂಬಿದ್ದರು.

ಹಾಗಾಗಲಿಲ್ಲ. ಎಂಬೋನ್ ಕ್ರಮೇಣ ಮರೆಯಾಯಿತು. ಕಾರಣ ಯಂತ್ರದ ದೌರ್ಬಲ್ಯವಲ್ಲ, ಲೆಕ್ಕಪತ್ರದ ಗೊಂದಲ. ಒಂದು ಪ್ಯಾಕೆಟ್ಟು ಒಂದು ಕಂಪನಿಯ ಜಾಲವನ್ನು ಪ್ರವೇಶಿಸಿ ಹತ್ತು ಸಾವಿರವಾಗಿ ಹೊರಬಂದರೆ ಹಣ ತೆರಬೇಕಾದವರು ಯಾರು? ಕಳುಹಿಸಿದವನು ಕೊಟ್ಟಿದ್ದು ಒಂದರ ಬೆಲೆ. ಪ್ರತಿಮಾಡುವ ಶ್ರಮವೆಲ್ಲ ನಡುವಿನವರದು. ಗುಂಪಿನ ವಿಳಾಸಕ್ಕೆ ಯಾರು ಬೇಕಾದರೂ ಏನನ್ನು ಬೇಕಾದರೂ ಕಳುಹಿಸಬಹುದೆಂಬ ಸಡಿಲವೂ ಸೇರಿ ನಡುವಿನವರಿಗೆ ಉತ್ಸಾಹ ಹುಟ್ಟಲಿಲ್ಲ. ಇಸಿಲದ ಮಹಾಮಾತ್ರರು ಚಕ್ರವರ್ತಿಯ ಸಂಬಳದವರು. ಕಲ್ಲುಕುಟಿಗನ ಕೂಲಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ಅವರು ಕೇಳುವಂತಿರಲಿಲ್ಲ. ಇಂದಿನ ಇಂಟರ್‌ನೆಟ್ಟಿಗೆ ಚಕ್ರವರ್ತಿ ಇಲ್ಲ.

ಆದ್ದರಿಂದ ಈಗ ಲಕ್ಷಾಂತರ ಮಂದಿ ಒಂದೇ ಕ್ರಿಕೆಟ್ ಪಂದ್ಯವನ್ನು ನೋಡುವಾಗಲೂ ಜಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಹರಿಯುವುದೇ ಸಾಮಾನ್ಯ. ಆ ಹೊರೆಯನ್ನು ಇಳಿಸಲು ದೊಡ್ಡ ಕಂಪನಿಗಳು ಊರೂರಿನ ಹತ್ತಿರ ಉಗ್ರಾಣಗಳನ್ನು ಇಟ್ಟು, ಅಲ್ಲಿಂದ ಹಂಚುತ್ತವೆ. ವೀಕ್ಷಕರಿಗೆ ತೊಂದರೆಯೇನೂ ಕಾಣದು. ಸಣ್ಣ ಊರಿನ ಕಾಲೇಜು ತನ್ನ ಮಾತನ್ನು ತಾನೇ ಸಾವಿರ ಕಡೆಗೆ ಕಳುಹಿಸಬಲ್ಲೆನೆಂಬ ಆಸೆ ಮಾತ್ರ ಉಗ್ರಾಣದ ಒಡೆಯರ ಕೈಯಲ್ಲಿ ಉಳಿಯಿತು. ಒಬ್ಬನೇ ಒಡೆಯನಿರುವ ಜಾಲಗಳಲ್ಲಿ ಮಲ್ಟಿಕಾಸ್ಟ್ ಇಂದಿಗೂ ಚೆನ್ನಾಗಿಯೇ ಬಾಳುತ್ತಿದೆ. ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಕ್ಷಣಕ್ಷಣದ ವ್ಯವಹಾರದ ವಿವರವನ್ನು ದಲ್ಲಾಳಿಗಳಿಗೆ ಒದಗಿಸುವುದು ಈ ಪದ್ಧತಿಯಲ್ಲಿಯೇ. ಸರದಿಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹೇಳಿದರೆ ಮೊದಲು ಕೇಳಿದವನಿಗೆ ಲಾಭವಾಗುವ ವ್ಯಾಪಾರ ಅದು.

ಮನೆಗಳಲ್ಲಿಯೂ ಇದು ಅಡಗಿ ಕುಳಿತಿದೆ. ಮೊಬೈಲಿನ ಚಿತ್ರವನ್ನು ದೂರದರ್ಶನದ ತೆರೆಗೆ ಹಾಯಿಸಲು ಗುಂಡಿ ಒತ್ತಿದಾಗ ಮೊಬೈಲು ೨೨೪.೦.೦.೨೫೧ ಎಂಬ ಗುಂಪಿಗೆ ‘ಇಲ್ಲಿ ಯಾರಿದ್ದೀರಿ?’ ಎಂದು ಕೂಗುವುದು ವಾಡಿಕೆ. ೨೨೪.೦.೦ರಿಂದ ತೊಡಗುವ ವಿಳಾಸಗಳನ್ನು ಯಾವ ರೌಟರೂ ದಾಟಿಸಕೂಡದೆಂಬುದು ನಿಯಮ. ಮಹಡಿಗೆ ಬೇರೆ ರೌಟರನ್ನು ಹಾಕಿಸಿ ಬೇರೆ ಜಾಲ ಮಾಡಿಕೊಂಡ ಮನೆಗಳಲ್ಲಿ, ಮೇಲಿನ ಕೋಣೆಯ ಮಗಳ ಮೊಬೈಲಿಗೆ ನಡುಮನೆಯ ಟೆಲಿವಿಷನ್ನ ಕಾಣಿಸದಿರುವುದರ ಗುಟ್ಟು ಇದೇ. ಟೆಲಿವಿಷನ್ನನ್ನು ರಿಪೇರಿಗೆ ಕೊಡಬೇಕಾದ ಅಗತ್ಯವಿಲ್ಲ.

ಇಸಿಲದ ಓಲೆಯನ್ನು ಕೇಳಿದವರು ಯಾರು? ಆಂಧ್ರದ ಎರ್ರಗುಡಿಯ ಪ್ರತಿಯಲ್ಲಿ, ರಜ್ಜುಕನೆಂಬ ಅಧಿಕಾರಿಯು ಭೇರಿ ಹೊಡೆಯಿಸಿ ನಾಡಿನ ಜನರಿಗೆ ಇದನ್ನು ತಿಳಿಸಬೇಕೆಂಬ ಅಪ್ಪಣೆಯಿದೆ. ಕಲ್ಲನ್ನು ಓದಬಲ್ಲವರು ಕೆಲವರೇ ಎಂಬುದು ಅರಸನಿಗೂ ತಿಳಿದಿತ್ತು. ಬ್ರಹ್ಮಗಿರಿಯಲ್ಲಿ ಬರೆದ ಲಿಪಿಕಾರನ ಹೆಸರು ಚಪಡ. ಪ್ರಾಕೃತ ಭಾಷೆಯ ಬ್ರಾಹ್ಮೀ ಲಿಪಿಯ ಓಲೆಯ ಕೊನೆಯಲ್ಲಿ, ಲಿಪಿಕಾರನೆಂಬ ತನ್ನ ವೃತ್ತಿನಾಮವನ್ನು ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠೀ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದ. ಆ ಮೂರು ಬಂಡೆಗಳ ಸುತ್ತ ದನ ಮೇಯಿಸುತ್ತಿದ್ದವರಲ್ಲಿ ಅದನ್ನು ಓದಬಲ್ಲವನು ಒಬ್ಬನೂ ಇದ್ದಿರಲಾರ. ಚಪಡನಿಗೆ ಅದು ತಿಳಿಯದೆ ಇದ್ದೀತೆ? ಕಾಲ ಕಳೆದಂತೆ ಬ್ರಾಹ್ಮಿಯನ್ನು ಓದುವವರೂ ಇಲ್ಲದಾದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದುವವರೆಗೆ ಗುಂಪು ಬರಿದಾಗಿಯೇ ಇತ್ತು, ರವಾನೆ ಮಾತ್ರ ನಿಂತಿರಲಿಲ್ಲ.

ಸಮೂಹ ರವಾನೆಯಲ್ಲಿ ತಲುಪಿತೆಂದು ಯಾರೂ ರಸೀತಿ ಕೊಡುವುದಿಲ್ಲ. ಅರವತ್ತು ಮಂದಿಯೂ ರಸೀತಿ ಕಳುಹಿಸತೊಡಗಿದರೆ ಉಳಿತಾಯದ ಅರ್ಥವೇ ಕೆಡುತ್ತದೆ. ಆದ್ದರಿಂದ ದಾರಿಯಲ್ಲಿ ಅಳಿದುಹೋಗುವ ಪ್ಯಾಕೆಟ್ಟುಗಳನ್ನು ತುಂಬಿಕೊಳ್ಳಲು, ಹಲವು ಪ್ಯಾಕೆಟ್ಟುಗಳ ಸಾರವನ್ನು ಹೆಚ್ಚಿನ ಒಂದೆರಡರಲ್ಲಿ ಮೊದಲೇ ಬೆರೆಸಿ ಕಳುಹಿಸುತ್ತಾರೆ. ಒಂದು ಹೋದರೆ ಉಳಿದವುಗಳಿಂದ ಅದನ್ನು ಲೆಕ್ಕ ಹಾಕಿ ಪಡೆಯಬಹುದು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಬಳೆಗಾರರ ಕೆಳಗೆ ಸಿಕ್ಕಿ ಸವೆದ ಸಾಲುಗಳನ್ನು ವಿದ್ವಾಂಸರು ತುಂಬಿಕೊಂಡದ್ದು ಬ್ರಹ್ಮಗಿರಿ ಸಿದ್ದಾಪುರಗಳ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡೇ.